ಏರಿನಲ್ಲಿ ಸೊರಗುವ ವಿಂಟೇಜ್ ಕಾರು: ಸಹಸ್ಪರ್ಧಿಯ ಕಾರನ್ನು ರಸ್ತೆಯಲ್ಲಿ ಓಡಿಸಿ ದೋಷ ಹಿಡಿಯುವ ಬಗೆ

ರ‍್ಯಾಲಿಯ ಹಿಂದಿನ ದಿನ ಮಧ್ಯಾಹ್ನ ಸಹಸ್ಪರ್ಧಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. "ನಿಂತಲ್ಲಿ ಗಡಿಯಾರದ ಹಾಗೆ ಓಡುತ್ತದೆ. ಏರು ಸಿಕ್ಕಿತೆಂದರೆ ಸೊರಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಹದಿನೈದು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಹೊರಡುತ್ತದೆ" ಎಂದರು. 1920ರ ದಶಕದ ಕೊನೆಯ ತೆರೆದ ಕಾರು. ನಾಲ್ಕು ಸಿಲಿಂಡರ್, ಮ್ಯಾಗ್ನೆಟೊ (ಬ್ಯಾಟರಿಯಿಲ್ಲದೆ ತಾನೇ ವಿದ್ಯುತ್ ಹುಟ್ಟಿಸುವ ಸಾಧನ) ಕೊಡುವ ಕಿಡಿ, ಹಿಂಭಾಗದಲ್ಲಿ ಪೆಟ್ರೋಲ್ ಟ್ಯಾಂಕ್, ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಆ ಪೆಟ್ರೋಲನ್ನು ಎಂಜಿನ್ನಿನ ಸೆಳೆತದಿಂದ ಮೇಲೆತ್ತುವ ಒಂದು ವ್ಯಾಕ್ಯೂಮ್ ಟ್ಯಾಂಕ್.

ಅಷ್ಟರೊಳಗೆ ಅವರು ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದ್ದರು, ಪ್ಲಗ್ ವೈರುಗಳನ್ನು ಹೊಸದು ಹಾಕಿದ್ದರು, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿಗೆ ಒಂದು ಅಳತೆ ದೊಡ್ಡ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ತೊಡಿಸಿದ್ದರು, ಮ್ಯಾಗ್ನೆಟೊ ಪಾಯಿಂಟುಗಳನ್ನು (ಕಿಡಿಗಾಗಿ ತೆರೆದು ಮುಚ್ಚುವ ಲೋಹದ ತುದಿಗಳನ್ನು) ಉಜ್ಜಿಸಿದ್ದರು. ದೋಷ ಮಾತ್ರ ಇದ್ದಲ್ಲೇ ಇತ್ತು. ನನಗೆ ಬೇಸರವಾದದ್ದು ಖರ್ಚು ಮಾಡಿದ್ದಕ್ಕಲ್ಲ. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ ಮೇಲೆ ಯಾವುದು ಏನು ಮಾಡಿತೆಂದು ಯಾರಿಗೂ ಹೇಳಲು ಬರುವುದಿಲ್ಲ. ಮೊದಲಿದ್ದ ಜೆಟ್ ಸರಿಯಾಗಿಯೇ ಇದ್ದಿರಬಹುದು; ಈಗ ದೋಷ ಸಿಕ್ಕರೂ ಎಂಜಿನ್ ಕಪ್ಪು ಹೊಗೆ ಉಗುಳಬಹುದು. ಹಳೆಯ ಜೆಟ್ ಅವರ ಜೇಬಿನಲ್ಲಿಯೇ ಇತ್ತು. ಬೇರೇನನ್ನೂ ಮುಟ್ಟುವ ಮೊದಲು ಅದನ್ನು ವಾಪಸ್ ಹಾಕಿಸಿದೆ.

1919ರಿಂದ 1930ರವರೆಗಿನ ಕಾರುಗಳನ್ನು ವಿಂಟೇಜ್ ಎನ್ನುವುದು ರೂಢಿ. ಈ ಕಾಲದ ಕಾರುಗಳ ಕಾಯಿಲೆಗಳಲ್ಲಿ ಬಹಳಷ್ಟು ಭಾರ ಬಿದ್ದಾಗ, ಕಾದಾಗ, ಕುಲುಕಿದಾಗ ಮಾತ್ರ ಹೊರಬರುತ್ತವೆ. ಷೆಡ್ಡಿನಲ್ಲಿ ನಿಲ್ಲಿಸಿದ ಕಾರಿಗೆ ಈ ಮೂರೂ ಇರುವುದಿಲ್ಲ. ಆದ್ದರಿಂದ ದೋಷವನ್ನು ರಸ್ತೆಯಲ್ಲಿ ಬೇಕೆಂದಾಗ ಬರಿಸಲು, ಬೇಕೆಂದಾಗ ಹೋಗಿಸಲು ಆಗುವವರೆಗೆ ಒಂದು ನಟ್ಟನ್ನೂ ಬಿಚ್ಚಬಾರದು ಎಂಬುದು ನನ್ನ ಪಟ್ಟು.

ಬೇರೆಯವರ ಕಾರು ಹತ್ತುವ ಮುನ್ನ

ಇಲ್ಲಿ ಅವಸರ ಮಾಡಿ ಕಾರು ಗುದ್ದಿಸಿದವರನ್ನು ನೋಡಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಪೆಡಲುಗಳು. ಆ ಕಾಲದ ಎಷ್ಟೋ ಕಾರುಗಳಲ್ಲಿ ಆಕ್ಸಿಲರೇಟರ್ ನಡುವೆ ಇರುತ್ತದೆ, ಬ್ರೇಕ್ ಬಲಕ್ಕೆ. ಗಾಬರಿಯಾದಾಗ ಕಾಲು ತನ್ನ ಹಳೆಯ ಅಭ್ಯಾಸದಂತೆಯೇ ಹೋಗುತ್ತದೆ. ನಿಲ್ಲಬೇಕಾದ ಕಾರು ಮುಂದಕ್ಕೆ ಹಾರುತ್ತದೆ. ಫೋರ್ಡ್ ಮಾಡೆಲ್ ಟಿ ಇನ್ನೂ ಬೇರೆ: ಎಡ ಪೆಡಲಿನಲ್ಲಿ ಗೇರ್, ನಡುವಿನದು ರಿವರ್ಸ್, ಬಲದ್ದು ಬ್ರೇಕ್, ಥ್ರಾಟಲ್ (ಎಂಜಿನ್ನಿಗೆ ಹೋಗುವ ಮಿಶ್ರಣವನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು) ಸ್ಟೀರಿಂಗ್ ಕೆಳಗಿನ ಸನ್ನೆಕೋಲಿನಲ್ಲಿ. ಎಂಜಿನ್ ಬಂದ್ ಮಾಡಿಕೊಂಡು, ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ "ಬ್ರೇಕ್" ಎಂದು ಮಾಲೀಕರು ಹೇಳಿದಾಗಲೆಲ್ಲ ಸರಿಯಾದ ಪೆಡಲನ್ನು ಒತ್ತಲು ಬರುವವರೆಗೆ ನಾನು ಹೊರಡುವುದಿಲ್ಲ.

ಬ್ರೇಕ್ ನಾಲ್ಕು ಚಕ್ರಕ್ಕಿದೆಯೇ, ಹಿಂದಿನ ಎರಡಕ್ಕೆ ಮಾತ್ರವೇ ಎಂದು ಕೇಳಿ. ಹ್ಯಾಂಡ್‌ಬ್ರೇಕ್ ಏರಿನಲ್ಲಿ ಹಿಡಿಯುತ್ತದೆಯೇ ನೋಡಿ. ಹಿಡಿಯುತ್ತದೆ ಎಂದರೂ ಚಕ್ರಕ್ಕೆ ಕೊಡಲು ಎರಡು ದಪ್ಪ ಕಲ್ಲು ಅಥವಾ ಮರದ ತುಂಡು ಕಾರಿನಲ್ಲಿರಲಿ. ಗೇರ್ ಯಾವ ದಿಕ್ಕಿಗೆ ಎಂದು ತಿಳಿದುಕೊಳ್ಳಿ, ಕ್ಲಚ್ ಎರಡು ಬಾರಿ ಒತ್ತಿ ಗೇರ್ ಇಳಿಸುವುದನ್ನು ಸಮತಟ್ಟಿನಲ್ಲಿ ಹತ್ತು ಸಲ ಮಾಡಿ ನೋಡಿ. ಪೆಟ್ರೋಲ್ ಬಂದ್ ಮಾಡುವ ನಲ್ಲಿ ಎಲ್ಲಿದೆ, ಮ್ಯಾಗ್ನೆಟೊ ಸ್ವಿಚ್ ಯಾವುದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುತ್ತದೆಯೇ, ಇದನ್ನೆಲ್ಲ ಮುಟ್ಟಿ ನೋಡಬೇಕು.

ಮಾಲೀಕರು ಪಕ್ಕದಲ್ಲಿ ಕೂರಲೇಬೇಕು. ಕಾರಿನ ದಿನನಿತ್ಯದ ಸದ್ದು ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಜೊತೆಗೆ, ಎದುರಾಳಿಯ ಕಾರನ್ನು ಓಡಿಸುವವನ ಮೇಲೆ ಒಂದು ಋಣ ಇರುತ್ತದೆ. ಅವರ ಎಂಜಿನ್ ಎಷ್ಟು ಓಡುತ್ತದೆಂದು ಅಳೆಯಲು ನಾನು ಅಲ್ಲಿ ಕೂತಿಲ್ಲ. ಅವರು ಹೇಳಿದ ವೇಗಕ್ಕಿಂತ ಹೆಚ್ಚು ಓಡಿಸುವುದಿಲ್ಲ, ಕಂಡದ್ದನ್ನೆಲ್ಲ ಅವರ ಮುಂದೆಯೇ ಬರೆದು ಅವರಿಗೇ ಕೊಡುತ್ತೇನೆ. ಮರುದಿನ ಅದೇ ಏರಿನಲ್ಲಿ ಅವರು ನನಗಿಂತ ಮುಂದೆ ಹೋದರೆ ಹೋಗಲಿ. ತೊಂಬತ್ತು ವರ್ಷ ದಾಟಿದ ಯಂತ್ರ ದಾರಿಯಲ್ಲಿ ಕೆಟ್ಟು ನಿಲ್ಲುವುದನ್ನು ನೋಡಿ ಗೆಲ್ಲುವ ಆಸೆ ನನಗಿಲ್ಲ.

ಎಂಜಿನ್ ಹೇಗೆ ಸಾಯುತ್ತದೆ?

ದೋಷ ಹಿಡಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವ ಪ್ರಶ್ನೆ ಇದು. ಯಾವಾಗ ನಿಲ್ಲುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹೇಗೆ ನಿಲ್ಲುತ್ತದೆ ಎಂದು ಕೇಳಿದರೆ ತಡವರಿಸುತ್ತಾರೆ.

ಕಿಡಿ ಹೋದರೆ ಸ್ವಿಚ್ ಆರಿಸಿದಂತೆ ತಟ್ಟನೆ ಹೋಗುತ್ತದೆ. ಬಿಟ್ಟುಬಿಟ್ಟು ಹೋಗುವ ಕಿಡಿಯಾದರೆ, ಉರಿಯದ ಪೆಟ್ರೋಲ್ ಆವಿ ಸೈಲೆನ್ಸರಿನೊಳಗೆ ಸೇರಿ ಆಮೇಲೆ ಢಬ್ ಎಂದು ಸಿಡಿಯುತ್ತದೆ. ಆಗ ತೆಗೆದ ಪ್ಲಗ್ ಒದ್ದೆಯಾಗಿರುತ್ತದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ ಬರುತ್ತದೆ.

ಪೆಟ್ರೋಲ್ ಸಾಲದೆ ಸಾಯುವ ಎಂಜಿನ್ ಎಳೆದೆಳೆದು ಸಾಯುತ್ತದೆ. ಮೊದಲು ಎಳೆತ ತಗ್ಗುತ್ತದೆ, ಆಮೇಲೆ ಕಾರ್ಬ್ಯುರೇಟರ್ ಬಾಯಿಯಿಂದ ಸೀನುತ್ತದೆ, ಥ್ರಾಟಲ್ ಒತ್ತಿದಷ್ಟೂ ಇನ್ನಷ್ಟು ಸೊರಗುತ್ತದೆ, ಸ್ವಲ್ಪ ಬಿಟ್ಟರೆ ಒಂದು ಕ್ಷಣ ಚೇತರಿಸಿಕೊಳ್ಳುತ್ತದೆ. ಪ್ಲಗ್ ಒಣಗಿರುತ್ತದೆ, ಮೂತಿ ಬೆಳ್ಳಗಿರುತ್ತದೆ. ಹಿಂದಕ್ಕೆ ಸಿಡಿದರೆ ಕಿಡಿ, ಮುಂದಕ್ಕೆ ಸೀನಿದರೆ ಪೆಟ್ರೋಲ್ ಎಂದು ಒಂದು ಸಾಲಿನಲ್ಲಿ ನೆನಪಿಟ್ಟುಕೊಳ್ಳಬಹುದು. ವಾಲ್ವ್ ಅಂಟಿಕೊಂಡರೂ ಸೀನುವುದುಂಟು, ಆದರೆ ಅದು ಒಂದೇ ಸಿಲಿಂಡರಿನ ತಾಳದಲ್ಲಿ ಕೇಳಿಸುತ್ತದೆ.

ನಮ್ಮ ಸ್ಪರ್ಧಿಯ ಸಂಶಯವೆಲ್ಲ ಮ್ಯಾಗ್ನೆಟೊ ಮೇಲೆ ಇತ್ತು. ಕಾರಣವಿಲ್ಲದೆ ಇರಲಿಲ್ಲ. ಹಳೆಯ ಮ್ಯಾಗ್ನೆಟೊಗಳ ಆರ್ಮೇಚರಿನ (ಒಳಗೆ ತಿರುಗುವ ಭಾಗದ) ತಂತಿ ಸುತ್ತುಗಳಿಗೆ ಹಾಕಿದ್ದ ಅರಗಿನ ಲೇಪ ಕಾಲ ಕಳೆದಂತೆ ಕೆಡುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಒಳಗಿನ ಕಂಡೆನ್ಸರ್ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗ) ಕೂಡ ಕಾದ ಮೇಲೆ ಸೋಲುತ್ತದೆ. ತಣ್ಣಗಾದರೆ ಮತ್ತೆ ಕಿಡಿ ಬರುತ್ತದೆ. "ಹದಿನೈದು ನಿಮಿಷ ಬಿಟ್ಟರೆ ಹೊರಡುತ್ತದೆ" ಎಂಬ ಮಾತು ಆ ಕಾಯಿಲೆಗೆ ಚೆನ್ನಾಗಿ ಹೊಂದುತ್ತದೆ. ಹೊಂದುತ್ತದೆ ಎಂದ ಮಾತ್ರಕ್ಕೆ ಅದೇ ಕಾಯಿಲೆ ಎಂದಾಗುವುದಿಲ್ಲ. ಹದಿನೈದು ನಿಮಿಷಕ್ಕಿಂತ ಮೊದಲೇ ಹೊರಡಿಸಲು ಯತ್ನಿಸಿದ್ದೀರಾ ಎಂದು ಕೇಳಿದೆ. ಇಲ್ಲ, ಪ್ರತಿ ಸಲವೂ ಬಾನೆಟ್ ತೆಗೆದು ಕಾದಿದ್ದೇನೆ ಎಂದರು.

ಮೂರು ಓಟ

ಮೊದಲ ಓಟ ಸಮತಟ್ಟು ರಸ್ತೆಯಲ್ಲಿ, ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ, ಒಂದೇ ಸಮನೆ ಅರ್ಧ ಗಂಟೆ. ಮಧ್ಯಾಹ್ನದ ಬಿಸಿಲು ಬೇಕೆಂದೇ ಆರಿಸಿಕೊಂಡದ್ದು. ರೇಡಿಯೇಟರ್ ಚೆನ್ನಾಗಿ ಕಾಯಿತು, ಬಾನೆಟ್ ಮೇಲೆ ಅಂಗೈ ಇಡಲಾಗದಷ್ಟು ಬಿಸಿ. ಎಂಜಿನ್ ಒಮ್ಮೆಯೂ ತಪ್ಪಲಿಲ್ಲ. ನಿಲ್ಲಿಸಿದ ತಕ್ಷಣ ಮ್ಯಾಗ್ನೆಟೊ ಮುಟ್ಟಿದೆ, ಬಿಸಿಯಾಗಿಯೇ ಇತ್ತು. ಎಂಜಿನ್ ಆರಿಸಿ ಹ್ಯಾಂಡಲ್ ಹಾಕಿ ತಿರುಗಿಸಿದೆ. ಎರಡನೇ ಸುತ್ತಿಗೆ ಹೊತ್ತಿಕೊಂಡಿತು. ಬಿಸಿಗೆ ಸೋಲುವ ಮ್ಯಾಗ್ನೆಟೊ ಕಾದಾಗ ನಿಧಾನವಾಗಿ ತಿರುಗಿಸಿದರೆ ಕಿಡಿ ಕೊಡಲು ತುಂಬ ತಿಣುಕುತ್ತದೆ, ಇದು ತಿಣುಕಲಿಲ್ಲ.

ಇದೇ ಓಟದಲ್ಲಿ ಇನ್ನೊಂದು ಕಾರಣವೂ ಬಿದ್ದುಹೋಯಿತು. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದ್ದರೆ, ಪೆಟ್ರೋಲ್ ಹೋದಷ್ಟೂ ಒಳಗೆ ನಿರ್ವಾತ ಬೆಳೆದು ಸಮತಟ್ಟಿನಲ್ಲಿಯೂ ಕಾರು ನಿಲ್ಲಬೇಕು. ಮುಚ್ಚಳ ತೆಗೆದಾಗ ಉಸ್ ಎಂಬ ಸದ್ದೂ ಬರಲಿಲ್ಲ.

ಎರಡನೇ ಓಟ ಏರಿಗೆ. ಸೆಕೆಂಡ್ ಗೇರ್, ಥ್ರಾಟಲ್ ಪೂರ್ತಿ. ಪಕ್ಕದಲ್ಲಿದ್ದ ಮಾಲೀಕರ ಕೈಯಲ್ಲಿ ಗಡಿಯಾರ. 3 ನಿಮಿಷ 20 ಸೆಕೆಂಡಿಗೆ ಎಳೆತ ತಗ್ಗಿತು. ಸೀನು ಬಂತು, ಮತ್ತೊಂದು ಬಂತು. ಅಲ್ಲಿಗೆ ಸ್ವಿಚ್ ಆರಿಸಿ, ಕ್ಲಚ್ ಒತ್ತಿ, ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಎಂಜಿನ್ನನ್ನು ತಾನಾಗಿ ಸಾಯಲು ಬಿಟ್ಟು ಐಡ್ಲಿಂಗಿನಲ್ಲಿ (ಕಾಲೆತ್ತಿದಾಗಿನ ನಿಧಾನ ಓಟದಲ್ಲಿ) ತೊಳಲಾಡಿಸಿದರೆ ಪ್ಲಗ್ ಸುಳ್ಳು ಹೇಳುತ್ತದೆ. ದೋಷದ ಕ್ಷಣದಲ್ಲೇ ಕಡಿದರೆ ಆ ಕ್ಷಣದ ಬಣ್ಣ ಪ್ಲಗ್ಗಿನ ಮೇಲೆ ಉಳಿಯುತ್ತದೆ. ಎರಡನೇ ಸಿಲಿಂಡರಿನ ಪ್ಲಗ್ ಬಿಚ್ಚಿ ಬಟ್ಟೆಯಲ್ಲಿ ಹಿಡಿದು ನೋಡಿದೆವು: ಒಣಗಿದ, ಬಿಳಿಚಿಕೊಂಡ ಪಿಂಗಾಣಿ. ಕಾರ್ಬ್ಯುರೇಟರ್ ಬೌಲಿನ (ಪೆಟ್ರೋಲ್ ನಿಲ್ಲುವ ಬಟ್ಟಲಿನ) ಮುಚ್ಚಳ ತೆಗೆದರೆ ತಳದಲ್ಲಿ ಬೆರಳಿನ ತುದಿ ನೆನೆಯುವಷ್ಟೂ ಪೆಟ್ರೋಲ್ ಇರಲಿಲ್ಲ.

ಪ್ಲಗ್ ತಿರುಗಿ ಹಾಕಿ, ಬೌಲ್ ಮುಚ್ಚಿ, ಕಾಯದೆ ಹ್ಯಾಂಡಲ್ ಹೊಡೆದೆ. ಹೊರಟಿತು! ನಿಂತು ಐದು ನಿಮಿಷವೂ ಆಗಿರಲಿಲ್ಲ. ಖಚಿತವಾಗಲೆಂದು ಮತ್ತೆ ಅದೇ ಏರಿನಲ್ಲಿ ನಿಲ್ಲುವವರೆಗೆ ಓಡಿಸಿದೆ. ಈ ಸಲ ಬಾನೆಟ್ ತೆಗೆಯದೆ ಒಂದೇ ನಿಮಿಷ ಬಿಟ್ಟು ತಿರುಗಿಸಿದೆ. ಹೊರಟಿತು. ಒಂದು ನಿಮಿಷದಲ್ಲಿ ಯಾವ ಮ್ಯಾಗ್ನೆಟೊವೂ ತಣ್ಣಗಾಗುವುದಿಲ್ಲ.

ಮೂರನೇ ಓಟದಲ್ಲಿ ಸೀನು ಶುರುವಾಗುತ್ತಿದ್ದಂತೆಯೇ ಕಾಲನ್ನು ಆಕ್ಸಿಲರೇಟರಿನಿಂದ ಪೂರ್ತಿ ಎತ್ತಿ ಐದು ಸೆಕೆಂಡ್ ಎಣಿಸಿ ಮತ್ತೆ ಒತ್ತಿದೆ. ಎಂಜಿನ್ ಸುಮಾರು ಅರ್ಧ ನಿಮಿಷ ಚೆನ್ನಾಗಿ ಎಳೆಯಿತು, ಮತ್ತೆ ಸೊರಗಿತು. ಮತ್ತೆ ಕಾಲೆತ್ತಿದೆ, ಮತ್ತೆ ಚೇತರಿಸಿತು. ದೋಷ ಈಗ ನಮ್ಮ ಮಾತು ಕೇಳುತ್ತಿತ್ತು. ಬೆರಳು ತೋರಿಸಿದ್ದು ವ್ಯಾಕ್ಯೂಮ್ ಟ್ಯಾಂಕಿನ ಕಡೆಗೆ.

ವ್ಯಾಕ್ಯೂಮ್ ಟ್ಯಾಂಕ್ ಏಕೆ ಏರಿನಲ್ಲಿ ಬಡವಾಗುತ್ತದೆ

ಆ ಕಾಲದ ಕಾರುಗಳಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ತಲುಪಿಸುವ ಪಂಪ್ ಇನ್ನೂ ಸಾಮಾನ್ಯವಾಗಿರಲಿಲ್ಲ. ಟ್ಯಾಂಕ್ ಎತ್ತರದಲ್ಲಿದ್ದರೆ ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. ಮಾಡೆಲ್ ಟಿಯಲ್ಲಿ ಟ್ಯಾಂಕ್ ಸೀಟಿನ ಕೆಳಗೆ. ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರಿನಲ್ಲಿ ಕಾರ್ಬ್ಯುರೇಟರೇ ಟ್ಯಾಂಕಿಗಿಂತ ಮೇಲಾಗುತ್ತಿದ್ದರಿಂದ ಜನ ಕಾರನ್ನು ಹಿಮ್ಮುಖವಾಗಿ ಏರಿಸುತ್ತಿದ್ದರು. ಟ್ಯಾಂಕ್ ಹಿಂದೆ, ಕೆಳಗೆ ಇದ್ದ ಕಾರುಗಳಿಗೆ ಬಂದದ್ದು ವ್ಯಾಕ್ಯೂಮ್ ಟ್ಯಾಂಕ್. ಬ್ರಿಟಿಷ್ ಕಾರುಗಳಲ್ಲಿ ಆಟೋವ್ಯಾಕ್, ಅಮೆರಿಕದ ಕಾರುಗಳಲ್ಲಿ ಸ್ಟೀವರ್ಟ್-ವಾರ್ನರ್ ಎಂಬ ಹೆಸರನ್ನು ಅದರ ಮೇಲೆ ಕಾಣಬಹುದು.

ಅದರೊಳಗೆ ಎರಡು ಕೋಣೆ. ಒಳಕೋಣೆಗೆ ಎಂಜಿನ್ನಿನ ಇನ್‌ಲೆಟ್ ಮ್ಯಾನಿಫೋಲ್ಡಿನಿಂದ (ಕಾರ್ಬ್ಯುರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ದಾರಿಯಿಂದ) ಒಂದು ಸಣ್ಣ ಕೊಳವೆ. ಎಂಜಿನ್ ಉಸಿರೆಳೆದುಕೊಳ್ಳುವ ಸೆಳೆತದಿಂದ ಒಳಕೋಣೆಯಲ್ಲಿ ಒತ್ತಡ ಕುಸಿದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಮೇಲೇರುತ್ತದೆ. ತುಂಬಿದಾಗ ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ಬುರುಡೆ) ಎದ್ದು ಸೆಳೆತದ ವಾಲ್ವನ್ನು ಮುಚ್ಚಿ ಗಾಳಿಯ ವಾಲ್ವನ್ನು ತೆರೆಯುತ್ತದೆ. ಪೆಟ್ರೋಲ್ ತಳದ ರೆಕ್ಕೆ ವಾಲ್ವ್ ಮೂಲಕ ಹೊರಕೋಣೆಗೆ ಬಿದ್ದು, ಅಲ್ಲಿಂದ ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಫ್ಲೋಟ್ ಹೊರಳುವಾಗ ಟಕ್ ಎಂಬ ಸದ್ದು ಬರುತ್ತದೆ. ಅಂಗೈ ಇಟ್ಟರೆ ತಗಡಿನಲ್ಲಿ ಅದು ತಾಗುತ್ತದೆ.

ಥ್ರಾಟಲ್ ಪೂರ್ತಿ ತೆರೆದಾಗ ಮ್ಯಾನಿಫೋಲ್ಡಿನ ಸೆಳೆತ ಬಹುಪಾಲು ಇಲ್ಲವಾಗುತ್ತದೆ. ಅಂದರೆ ಎಂಜಿನ್ ಅತಿ ಹೆಚ್ಚು ಪೆಟ್ರೋಲ್ ಕುಡಿಯುವ ಹೊತ್ತಿಗೆ ಅದನ್ನು ಮೇಲೆತ್ತುವ ಶಕ್ತಿ ಅತಿ ಕಡಿಮೆ. ಆಗ ಕಾರು ಹೊರಕೋಣೆಯ ದಾಸ್ತಾನಿನ ಮೇಲೆಯೇ ಏರಬೇಕು. ಕಾಲೆತ್ತಿದರೆ ಥ್ರಾಟಲ್ ಮುಚ್ಚಿ ಸೆಳೆತ ಜೋರಾಗುತ್ತದೆ, ಒಂದಿಷ್ಟು ಪೆಟ್ರೋಲ್ ಬರುತ್ತದೆ. ಎಂಜಿನ್ ನಿಂತಾಗ ಸೆಳೆತವೂ ನಿಂತು, ಒಳಕೋಣೆಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡಿದ್ದ ಪೆಟ್ರೋಲ್ ಕೆಳಗಿಳಿಯುತ್ತದೆ. ಹದಿನೈದು ನಿಮಿಷದ ಗುಟ್ಟು ಇಷ್ಟೇ.

ಇಲ್ಲಿಗೇ ನಿಲ್ಲಿಸಿ "ಹಳೆಯ ಕಾರಿನ ಸ್ವಭಾವವೇ ಹಾಗೆ, ಏರಿನಲ್ಲಿ ನಡುನಡುವೆ ಕಾಲೆತ್ತಿ" ಎಂದು ಹೇಳಿ ಕಳಿಸುವವರಿದ್ದಾರೆ. ಅದು ಅರ್ಧ ಸತ್ಯ. ಹೊಸದಾಗಿದ್ದಾಗ ಈ ಕಾರು ಮೂರು ನಿಮಿಷದ ಏರಿಗೆ ಸೋಲುತ್ತಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಉಳಿದಿರುವ ಅಲ್ಪ ಸೆಳೆತವನ್ನೂ ಎಲ್ಲೋ ಏನೋ ತಿನ್ನುತ್ತಿದೆ ಎಂದೇ ನಾನು ಹೊರಟೆ.

ತೊಟ್ಟಿಕ್ಕದ ಸೋರಿಕೆ

ಅಳತೆ ಇಲ್ಲದೆ ಹುಡುಕಬಾರದು. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಕಾರ್ಬ್ಯುರೇಟರ್ ಕಡೆಯ ನಲ್ಲಿ ಮುಚ್ಚಿ, ವ್ಯಾಕ್ಯೂಮ್ ಟ್ಯಾಂಕಿನ ತಳದ ತಿರುಪು ಬಿಚ್ಚಿ ಪೆಟ್ರೋಲನ್ನು ಲೋಹದ ಡಬ್ಬಿಗೆ ಇಳಿಸಿದೆವು. ಡಬ್ಬಿಯನ್ನು ಮುಚ್ಚಿ ದೂರ ಇಟ್ಟೆವು. ತಿರುಪು ಬಿಗಿದು, ಬೌಲಿನಲ್ಲಿ ಉಳಿದದ್ದರ ಮೇಲೆಯೇ ಎಂಜಿನ್ ಹೊರಡಿಸಿ ಐಡ್ಲಿಂಗಿನಲ್ಲಿ ಬಿಟ್ಟು, ಮೊದಲ ಟಕ್ ಬರುವವರೆಗೆ ಎಣಿಸಿದೆವು. 70 ಸೆಕೆಂಡ್. ನನ್ನ ಕಾರಿನಲ್ಲಿ ಇದೇ ಪರೀಕ್ಷೆಗೆ 15 ಸೆಕೆಂಡ್ ಸಾಕು.

ಪೆಟ್ರೋಲ್ ಜಾಲರಿಯನ್ನು ತೆಗೆದು ನೋಡಿದೆ, ಸ್ವಚ್ಛವಾಗಿತ್ತು. ಮ್ಯಾನಿಫೋಲ್ಡಿನ ಸೆಳೆತದ ಕೊಳವೆ ಬಿಗಿಯಾಗಿತ್ತು. ಫ್ಲೋಟ್ ತೂತು ಬಿದ್ದು ಮುಳುಗಿದ್ದರೆ ಪೆಟ್ರೋಲ್ ನೇರ ಮ್ಯಾನಿಫೋಲ್ಡಿಗೇ ಹೋಗಿ ಕಪ್ಪು ಹೊಗೆ ಬರಬೇಕಿತ್ತು, ಬಂದಿರಲಿಲ್ಲ. ಇನ್ನುಳಿದದ್ದು ಹಿಂದಿನ ಟ್ಯಾಂಕಿನಿಂದ ಬರುವ ತಾಮ್ರದ ಕೊಳವೆ. ಮಾಲೀಕರು "ಅದನ್ನು ನಾನೇ ನೋಡಿದ್ದೇನೆ, ಎಲ್ಲೂ ಒಂದು ಹನಿ ಸೋರುವುದಿಲ್ಲ" ಎಂದರು.

ಸೋರುವುದಿಲ್ಲ, ನಿಜ. ಈ ಕೊಳವೆಯಲ್ಲಿ ಪೆಟ್ರೋಲ್ ಹಿಂದಿನಿಂದ ನೂಕಿಸಿಕೊಂಡು ಬರುವುದಿಲ್ಲ, ಮುಂದಿನಿಂದ ಎಳೆಸಿಕೊಂಡು ಬರುತ್ತದೆ. ಬಿರುಕಿದ್ದರೆ ಪೆಟ್ರೋಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಆದ್ದರಿಂದ ಒದ್ದೆ ಕಲೆ ಹುಡುಕಿದರೆ ಸಿಗುವುದೇ ಇಲ್ಲ. ಒಂದೊಂದು ಸೇರುವೆಗೂ ಗಟ್ಟಿ ಗ್ರೀಸನ್ನು ದಪ್ಪಗೆ ಮೆತ್ತಿ, ಪ್ರತಿ ಸಲ ವ್ಯಾಕ್ಯೂಮ್ ಟ್ಯಾಂಕ್ ಖಾಲಿ ಮಾಡಿ ಮತ್ತೆ ಎಣಿಸಬೇಕು. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಮೊದಲ ಸೇರುವೆ: 70. ಎರಡನೆಯದು: 68. ಮೂರನೆಯದು, ಚಾಸಿಯ (ಕಾರಿನ ತಳದ ಚೌಕಟ್ಟಿನ) ಅಡ್ಡಪಟ್ಟಿಯ ಪಕ್ಕದ್ದು: 22.

ಗ್ರೀಸ್ ಒರೆಸಿ, ನಟ್ ಬಿಚ್ಚಿ, ಕೊಳವೆಯ ತುದಿಯನ್ನು ಬೆಳಕಿಗೆ ಹಿಡಿದೆ. ಅಗಲಿಸಿದ ಅಂಚಿನ ಬುಡದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬಿರುಕು, ಸುತ್ತಳತೆಯ ಮೂರನೇ ಒಂದು ಭಾಗದವರೆಗೆ. ಉಗುರಿನಿಂದ ಒತ್ತಿದರೆ ಬಾಯಿ ಬಿಡುತ್ತಿತ್ತು. ಬೇರೆ ಸೇರುವೆಗಳ ಮೇಲೆ ಹಳೆಯ ಪೆಟ್ರೋಲಿನ ಕಂದು ಕಲೆ ಇತ್ತು. ಇದರ ಮೇಲೆ ಮಾತ್ರ ಒಣ ಧೂಳು. ತಾಮ್ರ ವರ್ಷಗಟ್ಟಲೆ ಅದುರಿ ಗಡುಸಾಗುತ್ತದೆ, ಗಡುಸಾದದ್ದು ಬಿರುಕು ಬಿಡುತ್ತದೆ. ಅದಕ್ಕಾಗಿಯೇ ಹಿಂದಿನವರು ಕೊಳವೆಯಲ್ಲಿ ಒಂದು ಸುರುಳಿ ಬಿಡುತ್ತಿದ್ದರು. ಆ ಸುರುಳಿಯಿಂದ ಒಂದಿಷ್ಟು ಉದ್ದ ಸಿಕ್ಕಿತು. ಕೊಳವೆಯನ್ನು ಪೂರ್ತಿ ಬಿಚ್ಚಿ, ಒಳಗಿನ ಪೆಟ್ರೋಲ್ ಬಸಿದು, ಗಾಳಿ ಊದಿ ಒಣಗಿಸಿ, ಬಿರುಕಿನ ತುದಿ ಕತ್ತರಿಸಿ, ಕಾರಿನಿಂದ ಬಹಳ ದೂರ ಒಯ್ದು ಹೊಸ ತುದಿಯನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಅಂಚು ಅಗಲಿಸಿ ಮತ್ತೆ ಕೂರಿಸಿದೆವು. ಕಾರಿನ ಮೇಲಿರುವಾಗಲೇ ಪೆಟ್ರೋಲ್ ಕೊಳವೆಗೆ ಬೆಸುಗೆ ಹಾಕಲು ಹೊರಡುವವರನ್ನು ದಯವಿಟ್ಟು ತಡೆಯಿರಿ.

ಮತ್ತೆ ಎಣಿಸಿದಾಗ 16 ಸೆಕೆಂಡ್.

ನಿಮ್ಮ ಕಾರಿನಲ್ಲಿ ಉತ್ತರ ಬೇರೆಯಿದ್ದರೆ

ಕಿಡಿಯೇ ತಟ್ಟನೆ ಹೋಗುತ್ತಿದ್ದರೆ, ಮ್ಯಾಗ್ನೆಟೊ ಬಿಚ್ಚುವ ಮೊದಲು ಅದರಿಂದ ಸ್ವಿಚ್ಚಿಗೆ ಹೋಗುವ ವೈರ್ ನೋಡಿ. ಮ್ಯಾಗ್ನೆಟೊವನ್ನು ಆರಿಸುವುದು ಅದನ್ನು ಅರ್ಥ್ ಮಾಡುವುದರಿಂದ, ಅಂದರೆ ಕಾರಿನ ಲೋಹಕ್ಕೆ ಜೋಡಿಸುವುದರಿಂದ. ಆ ವೈರಿನ ಹೊದಿಕೆ ಸವೆದು ಕುಲುಕಿದಾಗ ಚಾಸಿಗೆ ತಾಗಿದರೆ, ಯಾರೋ ಸ್ವಿಚ್ ಆರಿಸಿದ ಹಾಗೆಯೇ ಆಗುತ್ತದೆ. ವೈರನ್ನು ಮ್ಯಾಗ್ನೆಟೊ ಕಡೆಯಿಂದ ಕಳಚಿ ಓಡಿಸಿ ನೋಡಿ. ದೋಷ ಮಾಯವಾದರೆ ಮ್ಯಾಗ್ನೆಟೊ ನಿರಪರಾಧಿ. ಆದರೆ ಆಗ ಸ್ವಿಚ್ ಕೆಲಸ ಮಾಡುವುದಿಲ್ಲ. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಅಥವಾ ಬ್ರೇಕ್ ಹಿಡಿದು ಟಾಪ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಬೇಕೆಂದು ಪಕ್ಕದವರಿಗೂ ಹೇಳಿರಿ.

ಬಿಸಿಲಿನಲ್ಲಿ ನಿಧಾನ ಓಡಿದ ಮೇಲೆ, ಅಥವಾ ನಿಲ್ಲಿಸಿ ಐದು ನಿಮಿಷಕ್ಕೆ ದೋಷ ಬಂದರೆ ಪೆಟ್ರೋಲ್ ಕೊಳವೆಯೊಳಗೇ ಆವಿಯಾಗುತ್ತಿರಬಹುದು. ಇಂದಿನ ಪೆಟ್ರೋಲಿನ ಹಗುರ ಅಂಶ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯಲು ತೊಡಗುತ್ತದೆ. ಎಕ್ಸಾಸ್ಟ್ ಹತ್ತಿರದ ಕೊಳವೆಗೆ ಒದ್ದೆ ಬಟ್ಟೆ ಸುತ್ತಿ ನೋಡಿ. ಎಥನಾಲ್ ಬೆರೆತ ಪೆಟ್ರೋಲ್ ಇನ್ನೊಂದು ತಾಪತ್ರಯ: ಕಾರ್ಕ್ ಫ್ಲೋಟಿನ ಮೇಲಿನ ಅರಗಿನ ಲೇಪವನ್ನು ಕರಗಿಸುತ್ತದೆ, ಕಾರ್ಕ್ ನೆನೆದು ಭಾರವಾಗುತ್ತದೆ, ಬೌಲ್ ಉಕ್ಕುತ್ತದೆ.

ಎಂಜಿನ್ ಸದ್ದು ಏರಿಯೂ ಕಾರು ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಚೆನ್ನಾಗಿದ್ದೂ ಕಾರು ಭಾರವೆನಿಸಿದರೆ, ನಿಲ್ಲಿಸಿದೊಡನೆ ನಾಲ್ಕೂ ಬ್ರೇಕ್ ಡ್ರಮ್ಮುಗಳ ಬಳಿ ಕೈ ಹಿಡಿದು ಬಿಸಿಯನ್ನು ಹೋಲಿಸಿ. ಇಗ್ನಿಷನ್ ಸನ್ನೆಕೋಲನ್ನು (ಕಿಡಿಯ ಸಮಯವನ್ನು ಹಿಂದುಮುಂದು ಮಾಡುವುದನ್ನು) ಸರಿಸಿದಾಗ ಮ್ಯಾಗ್ನೆಟೊ ತುದಿಯ ಉಂಗುರವೂ ತಿರುಗುತ್ತಿದೆಯೇ ಎಂದು ನೋಡಿಕೊಳ್ಳಿ. ಸನ್ನೆಕೋಲು ಮಾತ್ರ ತಿರುಗಿ ಕಿಡಿ ತಡವಾಗಿಯೇ ಉಳಿದಿದ್ದರೆ ಎಂಜಿನ್ ಬಿಸಿಯಾಗುತ್ತದೆ, ಕಾರು ಏರುವುದಿಲ್ಲ.

ಕೊನೆಯ ಓಟ

ಸಂಜೆ ಬೆಳಕಿರುವಾಗಲೇ ಅದೇ ಏರು, ಅದೇ ಗೇರ್, ಅಷ್ಟೇ ಥ್ರಾಟಲ್. ಈ ಸಲ ಸ್ಟೀರಿಂಗ್ ಹಿಡಿದವರು ಮಾಲೀಕರು, ಗಡಿಯಾರ ನನ್ನ ಕೈಯಲ್ಲಿ. 3 ನಿಮಿಷ 20 ಸೆಕೆಂಡ್ ಬಂದಾಗ ಅವರ ಕಾಲು ತಾನಾಗಿ ಮೇಲೇಳುತ್ತಿತ್ತು; "ಬಿಡಬೇಡಿ, ಒತ್ತಿ ಹಿಡಿಯಿರಿ" ಎಂದೆ. 6 ನಿಮಿಷ 10 ಸೆಕೆಂಡಿಗೆ ತುದಿ ಮುಟ್ಟಿದೆವು. ಒಂದು ಸೀನೂ ಬರಲಿಲ್ಲ. ಪ್ಲಗ್ ತೆಗೆದರೆ ತಿಳಿ ಕಂದು ಬಣ್ಣ.

ಹಾಳೆಯಲ್ಲಿ ಎಲ್ಲ ಅಂಕಿಗಳನ್ನೂ ಬರೆದು ಅವರ ಕೈಗೆ ಕೊಟ್ಟೆ. ಕೊನೆಯ ಸಾಲು ಹೀಗಿತ್ತು: ಹಿಂದಿನ ಎಡ ಬ್ರೇಕ್ ಡ್ರಮ್ ಬಲದ್ದಕ್ಕಿಂತ ಬಿಸಿ, ಕೇಬಲ್ ಬಿಡುತ್ತಿಲ್ಲ, ಬೆಳಿಗ್ಗೆ ಹೊರಡುವ ಮೊದಲು ಸಡಿಲಿಸಿ ಎಣ್ಣೆ ಹಾಕಬೇಕು.